ಮುಂದಿನ ಆದೇಶದವರೆಗೆ

ಸುತ್ತೋಲೆ ಮೇಡಂ ಎಂಬ ಬಿರುದನ್ನು ಮೊದಲು ಕೊಟ್ಟವರು ಯಾರೋ ತಿಳಿಯದು, ಆದರೆ ಕೊಟ್ಟವರಿಗೆ ಕಣ್ಣು ಚುರುಕಾಗಿತ್ತು. ಆಸ್ಪತ್ರೆಯ ಹೊರರೋಗಿ ವಿಭಾಗಕ್ಕೆ ಅವರು ವ್ಯವಸ್ಥಾಪಕಿ. ಬಾಗಿಲು ಕಿರುಗುಟ್ಟಿದರೆ ಒಂದು ಸುತ್ತೋಲೆ, ನಲ್ಲಿ ತೊಟ್ಟಿಕ್ಕಿದರೆ ಒಂದು ಸುತ್ತೋಲೆ, ಗಾಲಿಕುರ್ಚಿಗಳನ್ನು ಯಾವ ಗೋಡೆಗೆ ಒರಗಿಸಿ ನಿಲ್ಲಿಸಬೇಕೆಂದು ಇನ್ನೊಂದು. ಇಪ್ಪತ್ತೆರಡು ವರ್ಷ ಹೀಗೆ ಬರೆದದ್ದೆಲ್ಲ ಹನ್ನೊಂದು ದಪ್ಪ ಫೈಲುಗಳಾಗಿ ಅವರ ಬೆನ್ನ ಹಿಂದಿನ ಕಪಾಟಿನಲ್ಲಿ ಕೂತಿತ್ತು. ಹೆಂಗಸು ಒಳ್ಳೆಯವರು. ಕೆಲಸಕ್ಕೆ ತಡವಾಗಿ ಬಂದವರಲ್ಲ, ಯಾರ ಮೇಲೂ ಚಾಡಿ ಹೇಳಿದವರಲ್ಲ. ಒಂದೇ ಕೊರತೆಯೆಂದರೆ, ಕುರ್ಚಿಯಲ್ಲಿ ಕೂತಲ್ಲಿಂದಲೇ ಇಡೀ ಆಸ್ಪತ್ರೆ ಸ್ಪಷ್ಟವಾಗಿ ಕಾಣುತ್ತದೆಂದು ಅವರು ನಂಬಿಬಿಟ್ಟಿದ್ದರು.

ಆ ನಂಬಿಕೆಗೆ ಕಲ್ಲು ಬಿದ್ದದ್ದು ಒಂದು ಸೋಮವಾರ. ಆಸ್ಪತ್ರೆಯ ಮುಖ್ಯಸ್ಥರಾದ ದೊಡ್ಡ ಡಾಕ್ಟರು, ಆಸ್ಪತ್ರೆ ನಡೆಸುವವರಿಗೆಂದೇ ಇಟ್ಟಿದ್ದ ನಾಲ್ಕು ದಿನದ ತರಬೇತಿ ಮುಗಿಸಿ ಬಂದಿದ್ದರು. ಹೋಗುವಾಗ ಸುಮ್ಮನಿದ್ದ ಮನುಷ್ಯ, ಬಂದ ಮೇಲೆ ಬಾಯಿ ತೆರೆದರೆ ‘ಲೀನ್’ ಎನ್ನತೊಡಗಿದ್ದರು. ಬೇಡದ ಕೆಲಸ ಬಿಡುವುದು, ಬೇಕಾದ ಕೆಲಸ ನಿಲ್ಲದ ಹಾಗೆ ನೋಡಿಕೊಳ್ಳುವುದು, ತೀರ್ಮಾನ ಮಾಡುವ ಮುಂಚೆ ಕೆಲಸ ನಡೆಯುವ ಜಾಗಕ್ಕೆ ಹೋಗಿ ಕಣ್ಣಾರೆ ನೋಡುವುದು, ಇಷ್ಟೇ ಅದರ ಸಾರ. ಇಷ್ಟನ್ನು ಕಲಿಯಲು ನಾಲ್ಕು ದಿನ ಬೇಕಾಯಿತೇ ಎಂದು ಮೇಡಂ ಮನಸ್ಸಿನಲ್ಲೇ ಅಂದುಕೊಂಡರು.

“ಮೇಡಂ, ಬೆಳಿಗ್ಗೆ ಎಂಟಕ್ಕೆ ರಕ್ತ ಕೊಟ್ಟವರ ರಿಪೋರ್ಟು ಕೆಳಗೆ ಬರೋದು ಹನ್ನೆರಡೂವರೆಗೆ” ಎಂದರು ದೊಡ್ಡ ಡಾಕ್ಟರು. “ಒಂದು ಗಂಟೆಗೆ ಡಾಕ್ಟರುಗಳು ಎದ್ದು ಹೋಗ್ತಾರೆ. ಆಮೇಲೆ ರಕ್ತ ಕೊಟ್ಟವರೆಲ್ಲ ಬರಿಗೈಲಿ ಮನೆಗೆ ಹೋಗಿ ಮಾರನೇ ದಿನ ಮತ್ತೆ ಬರಬೇಕು. ಪಾಪ ಅಲ್ವಾ?”

“ಗೊತ್ತು ಸರ್. ಅದಕ್ಕೇ ಶಿಫಾರಸು ಬರೆದು ಇಟ್ಟಿದೀನಿ. ಸಹಿ ಒಂದು ಬಾಕಿ.”

ಬರೆದಿಟ್ಟದ್ದು ನಿಜ. ರಕ್ತ ತೆಗೆಯುವ ಕೋಣೆಯನ್ನು ಹೊರಗಿನ ಸಂಸ್ಥೆಗೆ ಒಪ್ಪಿಸುವುದು. ಅಲ್ಲಿರುವ ಮೂವರು ಹೆಂಗಸರನ್ನೂ ಟ್ರಾಲಿ ತಳ್ಳುವ ಒಬ್ಬರನ್ನೂ ಕೆಲಸದಿಂದ ಬಿಡಿಸುವುದು. ಕಾರಣ, ಸಿಬ್ಬಂದಿಯ ನಿಧಾನಗತಿ. ಬರೆಯುವಾಗ ಮೇಡಮ್ಮನ ಕಣ್ಣ ಮುಂದಿದ್ದದ್ದು ಟ್ರಾಲಿಯವರೇ. ಅವರು ನಡೆಯುವ ವೇಗ ಕಂಡು ಆಸ್ಪತ್ರೆಯವರೆಲ್ಲ ಅವರನ್ನು ಎಕ್ಸ್‌ಪ್ರೆಸ್ಸಣ್ಣ ಎಂದು ಕರೆಯುತ್ತಿದ್ದರು. ಹೊತ್ತಿಲ್ಲ ಗೊತ್ತಿಲ್ಲ, ಯಾವಾಗ ನೋಡಿದರೂ ಆ ಕೋಣೆಯ ಹೊರಗೆ ಸ್ಟೂಲಿನ ಮೇಲೆ ಕೂತಿರುತ್ತಿದ್ದರು.

“ಶನಿವಾರ ಆಡಳಿತ ಸಮಿತಿ ಕೂರುತ್ತೆ” ಎಂದರು ದೊಡ್ಡ ಡಾಕ್ಟರು. “ನೀವು ಏನು ಬರೀತೀರೋ ಅದೇ ತೀರ್ಮಾನ. ಆದರೆ ಸಹಿ ಹಾಕೋ ಮುಂಚೆ ಒಂದು ಕೆಲಸ ಮಾಡಿ. ಒಂದೇ ಒಂದು ರಕ್ತದ ಟ್ಯೂಬಿನ ಹಿಂದೆ ನಡೀರಿ, ತೋಳಿಂದ ರಿಪೋರ್ಟಿನವರೆಗೆ. ಅದು ಎಲ್ಲಿ ನಿಲ್ಲುತ್ತೋ ಅಲ್ಲಿ ಯಾಕೆ ಅಂತ ಕೇಳಿ. ಉತ್ತರ ಬಂದರೆ ಅದಕ್ಕೂ ಯಾಕೆ ಅನ್ನಿ. ಐದು ಸಲ.”

“ನಾನಾ?”

“ನೀವೇ. ಬೇರೆಯವರನ್ನ ಕಳಿಸಿದರೆ ಲೆಕ್ಕಕ್ಕಿಲ್ಲ.”

ಮನೆಗೆ ಬಂದ ಮೇಡಮ್ಮನ ಮುಖ ಊದಿತ್ತು. ಐವತ್ತೆರಡನೇ ವಯಸ್ಸಿನಲ್ಲಿ ಟ್ಯೂಬಿನ ಹಿಂದೆ ಓಡಾಡುವುದೇ? ಅವರ ಅತ್ತೆ, ಎಪ್ಪತ್ತಾರರ ಗಟ್ಟಿ ಜೀವ, ಎಲ್ಲವನ್ನೂ ಕಿವಿಗೊಟ್ಟು ಕೇಳಿದರು. ಈ ಅತ್ತೆ ಸೊಸೆಯರದು ಮೂವತ್ತು ವರ್ಷದ ಜಗಳ. ಒಬ್ಬರನ್ನು ಬಿಟ್ಟು ಒಬ್ಬರಿಗೆ ಊಟ ಸೇರದು.

“ಹೇಗೂ ಬುಧವಾರ ನನ್ನ ಸಕ್ಕರೆ ಪರೀಕ್ಷೆ ಇದೆ” ಎಂದರು ಅತ್ತೆ. “ನನ್ನ ಟ್ಯೂಬಿನ ಹಿಂದೇನೇ ನಡಿ. ಮೂವತ್ತು ವರ್ಷದಿಂದ ನನ್ನ ಹಿಂದೆ ಒಂದು ದಿನ ನಡೆದವಳಲ್ಲ, ಅದೂ ಆಗಿಹೋಗಲಿ.”

ಬುಧವಾರ ಎಂಟು ಗಂಟೆ ಹತ್ತು ನಿಮಿಷಕ್ಕೆ ಅತ್ತೆಯ ರಕ್ತ ಟ್ಯೂಬಿಗೆ ಬಿತ್ತು. ಸೂಜಿ ಚುಚ್ಚಿದ ಹೆಂಗಸಿನ ಕೈ ಹೂವಿನಷ್ಟು ಹಗುರ. ಪಕ್ಕದಲ್ಲಿದ್ದವಳು ಚೀಟಿ ಅಂಟಿಸಿದಳು, ಟ್ಯೂಬು ಟ್ರೇಯ ಆರನೇ ಕುಳಿಯಲ್ಲಿ ಕೂತಿತು. ಎಲ್ಲ ಸೇರಿ ಮೂರು ನಿಮಿಷವೂ ಆಗಲಿಲ್ಲ. ಇವರನ್ನೇ ತಾನು ನಿಧಾನದವರೆಂದು ಬರೆದದ್ದು ಎಂದು ಮೇಡಂಗೆ ಒಂದು ಗಳಿಗೆ ಕಸಿವಿಸಿಯಾಯಿತು. ಅತ್ತೆ ಚೀಲದಿಂದ ಡಬ್ಬಿ ತೆಗೆದು ತಿಂಡಿ ತಿಂದು ಮುಗಿಸಿದರು, ಬಾಯಿ ಒರೆಸಿಕೊಂಡರು. ಟ್ಯೂಬು ಅಲ್ಲೇ ಇತ್ತು.

ಎಂಟೂವರೆ ಆಯಿತು. ಎಂಟೂ ಮುಕ್ಕಾಲು ಆಯಿತು. ಸ್ಟೂಲಿನ ಮೇಲೆ ಎಕ್ಸ್‌ಪ್ರೆಸ್ಸಣ್ಣ ಕೈಕಟ್ಟಿ ಕೂತಿದ್ದರು. ಮೇಡಮ್ಮನನ್ನು ಕಂಡು ಎದ್ದು ನಿಂತರು, ಮೇಡಂ ಕೂತುಕೊಳ್ಳಿ ಎಂದ ಮೇಲೆ ಕೂತರು, ಆದರೆ ಹೊರಡುವ ಲಕ್ಷಣ ಕಾಣಲಿಲ್ಲ.

“ಯಾಕೆ ಇನ್ನೂ ಹೊರಟಿಲ್ಲ?” ಎಂದರು ಮೇಡಂ.

“ಒಂದು” ಎಂದು ಅತ್ತೆ ಬೆರಳು ಮಡಿಸಿದರು.

“ಟ್ರೇ ತುಂಬಬೇಕಲ್ಲ ಮೇಡಂ. ಐವತ್ತು ಆಗಬೇಕು.”

“ಯಾಕೆ ಐವತ್ತು?”

“ಎರಡು” ಎಂದರು ಅತ್ತೆ.

“ಆರ್ಡರ್ ಇದೆ ಮೇಡಂ” ಎಂದ ಎಕ್ಸ್‌ಪ್ರೆಸ್ಸಣ್ಣ ನೆಲ ನೋಡಿದರು. ಒಳಗಿದ್ದ ಮೂವರು ಹೆಂಗಸರೂ ಒಮ್ಮೆಗೇ ತಮ್ಮ ತಮ್ಮ ಕೆಲಸದಲ್ಲಿ ಮುಳುಗಿಹೋದರು.

ಟ್ರೇ ತುಂಬಿದಾಗ ಒಂಬತ್ತೂವರೆ. ಟ್ರಾಲಿ ಹೊರಟಿತು. ಮೇಡಂ ಹಿಂದೆ, ಅವರ ಹಿಂದೆ ಅತ್ತೆ. ಬಾಗಿಲ ಪಕ್ಕದಲ್ಲೇ ಲಿಫ್ಟ್ ಬಾಯಿ ತೆರೆದು ನಿಂತಿತ್ತು. ಟ್ರಾಲಿ ಅದನ್ನು ಕಣ್ಣೆತ್ತಿಯೂ ನೋಡದೆ ಹಿಂಬಾಗಿಲಿಂದ ಅಂಗಳಕ್ಕಿಳಿಯಿತು, ಅಡುಗೆಮನೆಯ ಹೊಗೆಗೂಡನ್ನು ದಾಟಿತು, ಒಣಗಲು ಹಾಕಿದ್ದ ಹಾಸಿಗೆ ಹೊದಿಕೆಗಳ ನಡುವೆ ತೂರಿತು, ಗಾಲಿಕುರ್ಚಿಗಳಿಗೆಂದು ಕಟ್ಟಿದ್ದ ಉದ್ದನೆಯ ಇಳಿಜಾರನ್ನು ಹತ್ತತೊಡಗಿತು. ಮೂರು ತಿರುವು. ಎರಡನೇ ತಿರುವಿನಲ್ಲಿ ಮೇಡಂಗೆ ಏದುಸಿರು ಬಂತು. ಅತ್ತೆ ಮಾತ್ರ ಸೆರಗು ಸಿಕ್ಕಿಸಿಕೊಂಡು ಮುಂದೆ ಹೋಗುತ್ತಿದ್ದರು.

“ಲಿಫ್ಟ್ ಇರೋವಾಗ ಈ ದಾರಿ ಯಾಕೆ?” ಎಂದು ಕೇಳಲು ಮೇಡಂಗೆ ಎರಡು ಸಲ ಉಸಿರು ತೆಗೆದುಕೊಳ್ಳಬೇಕಾಯಿತು.

“ಮೂರು. ಅದೂ ಆರ್ಡರ್ ಇರಬೇಕು, ಅಲ್ವೇನಪ್ಪಾ?”

“ಹೌದಮ್ಮಾ” ಎಂದರು ಎಕ್ಸ್‌ಪ್ರೆಸ್ಸಣ್ಣ.

ಮೇಡಮ್ಮನ ಕೋಪ ನೆತ್ತಿಗೇರಿತು. “ಆರ್ಡರ್ ಅಂತೆ ಆರ್ಡರ್. ಯಾವ ಪುಣ್ಯಾತ್ಮರು ಬರೆದದ್ದೋ ಗೊತ್ತಾಗಲಿ. ಯಾರೇ ಆಗಿರಲಿ, ಕುರ್ಚಿಯಿಂದ ಎಬ್ಬಿಸಿ ಇದೇ ಏರಿನಲ್ಲಿ ನಡೆಸ್ತೀನಿ.”

ಎಕ್ಸ್‌ಪ್ರೆಸ್ಸಣ್ಣ ಟ್ರಾಲಿಯ ಹಿಡಿಯನ್ನು ಬಿಗಿಯಾಗಿ ಹಿಡಿದು ಮೇಡಮ್ಮನ ಕಡೆ ಕಳ್ಳನೋಟ ಬೀರಿದರು. ಅತ್ತೆ ನಿಂತು ಅವರ ಮುಖ ನೋಡಿದರು, ಸೊಸೆಯ ಮುಖ ನೋಡಿದರು, ಆಮೇಲೆ ಸೆರಗನ್ನು ಬಾಯಿಗೆ ಅಡ್ಡ ಹಿಡಿದುಕೊಂಡು ಮುಂದೆ ನಡೆದರು. ಅತ್ತೆಗೆ ಆಗಲೇ ವಾಸನೆ ಹತ್ತಿತ್ತು.

ಮೇಲೆ ಲ್ಯಾಬಿನಲ್ಲಿ ಮೇಷ್ಟ್ರು ಕನ್ನಡಕ ಒರೆಸುತ್ತಿದ್ದರು. ಲ್ಯಾಬಿಗೆ ಅವರೇ ಹಿರಿಯರು; ಹೊಸಬರಿಗೆಲ್ಲ ಕೆಲಸ ಕಲಿಸಿದ್ದರಿಂದ ಮೇಷ್ಟ್ರು ಎಂದೇ ಕರೆಯುತ್ತಿದ್ದರು. ಅವರ ಬೆನ್ನ ಹಿಂದೆ ಪರೀಕ್ಷೆಯ ಯಂತ್ರ, ಹಸಿರು ದೀಪ ಹಚ್ಚಿಕೊಂಡು, ಖಾಲಿ ಕೂತಿತ್ತು.

“ಬೆಳಿಗ್ಗೆಯಿಂದ ಎಷ್ಟು ಪರೀಕ್ಷೆ ಆಯ್ತು?” ಎಂದರು ಮೇಡಂ.

“ಒಂದೂ ಇಲ್ಲ. ಎಂಟಕ್ಕೆ ಬಂದು ಯಂತ್ರ ಶುರು ಮಾಡಿ ಕೂತಿದೀವಿ. ಈಗ ಐವತ್ತೂ ಒಟ್ಟಿಗೆ ತಲೆ ಮೇಲೆ ಬಿತ್ತು, ಇನ್ನು ಹನ್ನೊಂದೂವರೆವರೆಗೆ ಉಸಿರಾಡೋ ಹಾಗಿಲ್ಲ.”

“ಮುಗಿದ ತಕ್ಷಣ ಕೆಳಗೆ ಕಳಿಸ್ತೀರಲ್ಲ?”

“ಯಾರ ಕೈಲಿ? ಇವರು ಎರಡನೇ ಟ್ರೇ ತಂದಾಗ ಇನ್ನೂ ಅರ್ಧ ಕೆಲಸ ಉಳಿದಿರುತ್ತೆ. ಮೂರನೇ ಟ್ರೇ ತಂದಾಗ ಮೊದಲನೇದರ ರಿಪೋರ್ಟು ಒಯ್ತಾರೆ. ಆಗ ಹನ್ನೆರಡೂವರೆ. ಮಿಕ್ಕ ಎರಡು ಟ್ರೇಯವರಿಗೆ ನಾಳೆ.”

ಸಮಿತಿಯಲ್ಲಿ ವರ್ಷದಿಂದ ನಡೆದ ಚರ್ಚೆಯೆಲ್ಲ ಮೇಡಂಗೆ ನೆನಪಾಯಿತು. ಕೋಣೆ ಸಾಲದು, ಜನ ಸಾಲದು, ಯಂತ್ರ ಹಳೆಯದು ಎಂದು ಎಷ್ಟು ಮಾತಾಡಿದ್ದರು. ಒಬ್ಬರಾದರೂ ಇಲ್ಲಿಗೆ ಬಂದು ಯಂತ್ರ ಒಂದೂವರೆ ಗಂಟೆ ಸುಮ್ಮನೆ ಕೂರುವುದನ್ನು ನೋಡಿರಲಿಲ್ಲ. ತಾನೂ ನೋಡಿರಲಿಲ್ಲ.

“ಇಷ್ಟು ವರ್ಷ ಇದನ್ನ ಒಬ್ಬರೂ ಯಾಕೆ ಹೇಳಲಿಲ್ಲ?”

“ನಾಲ್ಕು” ಎಂದರು ಅತ್ತೆ.

ಮೇಷ್ಟ್ರು ಛಾವಣಿ ನೋಡಿದರು. ಸಹಾಯಕರಿಬ್ಬರು ಕಿಟಕಿ ನೋಡಿದರು. ಎಕ್ಸ್‌ಪ್ರೆಸ್ಸಣ್ಣ ಟ್ರಾಲಿಯ ಚಕ್ರದಲ್ಲಿ ಏನೋ ಸಿಕ್ಕಿಕೊಂಡಿದೆ ಎನ್ನುವಂತೆ ಬಗ್ಗಿದರು.

“ಆ ಆರ್ಡರ್ ಎಲ್ಲಿದೆ, ತೋರಿಸಿ.”

“ಬೇಡ ಮೇಡಂ” ಎಂದರು ಎಕ್ಸ್‌ಪ್ರೆಸ್ಸಣ್ಣ.

“ತೋರಿಸಿ.”

ಅವರು ಖಾಲಿಯಾದ ಟ್ರೇಯನ್ನು ಎತ್ತಿ ಅಡಿಯಿಂದ ಒಂದು ಪ್ಲಾಸ್ಟಿಕ್ ಹೊದಿಕೆ ತೆಗೆದರು. ಒಳಗೆ ನಾಲ್ಕು ಮಡಿಕೆಯ ಕಾಗದ. ಹಳದಿಯಾಗಿತ್ತು, ಆದರೆ ಒಂದು ಮೂಲೆಯೂ ಹರಿದಿರಲಿಲ್ಲ. ಮೇಡಂ ಕನ್ನಡಕ ಏರಿಸಿ ಗಟ್ಟಿಯಾಗಿ ಓದಿದರು: “ಲಿಫ್ಟ್ ಕೆಟ್ಟಿರುವುದರಿಂದ ರಕ್ತದ ಟ್ರಾಲಿಯು ಹಿಂಭಾಗದ ಇಳಿಜಾರಿನ ಮೂಲಕವೇ ಹೋಗತಕ್ಕದ್ದು. ಟ್ರಾಲಿ ತಳ್ಳುವವರಿಗೆ ಮಂಡಿಯ ಶಸ್ತ್ರಚಿಕಿತ್ಸೆ ಆಗಿರುವುದರಿಂದ, ಅವರನ್ನು ಪದೇ ಪದೇ ಹತ್ತಿಸದೆ, ಟ್ರೇ ಪೂರ್ತಿ ತುಂಬಿದ ಮೇಲೆ ಮಾತ್ರ ಕಳಿಸತಕ್ಕದ್ದು. ಮುಂದಿನ ಆದೇಶದವರೆಗೆ ಇದು ಜಾರಿಯಲ್ಲಿರುತ್ತದೆ.”

ಕೆಳಗೆ ಸಹಿ. ಬಾಲ ಎಳೆದ, ಅಡಿಗೆರೆ ಹಾಕಿದ, ಎರಡು ಚುಕ್ಕೆ ಇಟ್ಟ ಸಹಿ. ಹನ್ನೆರಡು ವರ್ಷ ಹಳೆಯದು. ಆ ಸಹಿಯನ್ನು ಇಡೀ ಆಸ್ಪತ್ರೆಯಲ್ಲಿ ಕಣ್ಣು ಮುಚ್ಚಿಕೊಂಡು ಗುರುತಿಸದವರು ಒಬ್ಬರೂ ಇರಲಿಲ್ಲ.

ಮೇಡಂ ಕನ್ನಡಕ ತೆಗೆದು ಒರೆಸಿ, ಆ ಸಹಿಯನ್ನು ಇನ್ನೊಮ್ಮೆ ನೋಡಿದರು.

“ಐದನೇದನ್ನ ನಾನೇ ಕೇಳ್ತೀನಿ” ಎಂದರು ಅತ್ತೆ. “ಯಾಕಮ್ಮಾ ಸೊಸೆ?”

ಅಷ್ಟು ಹೇಳಿ ಅವರಿಗೆ ತಡೆಯಲಾಗಲಿಲ್ಲ. ಹೊಟ್ಟೆ ಹಿಡಿದುಕೊಂಡು ನಕ್ಕರು, ಗೋಡೆಗೊರಗಿ ನಕ್ಕರು, ಕಣ್ಣೊರೆಸಿಕೊಂಡು ಮತ್ತೆ ನಕ್ಕರು. ಮೇಷ್ಟ್ರು ಬಿಗಿ ಹಿಡಿದಿದ್ದ ತುಟಿಯೂ ಸಡಿಲವಾಯಿತು. ಮೇಡಂ ಕೆಂಪಾದ ಮುಖದಲ್ಲಿ ಒಂದು ಗಳಿಗೆ ನಿಂತರು. ಆಮೇಲೆ ತಾನು ಈಗ ತಾನೇ ಇಳಿಜಾರಿನಲ್ಲಿ ಹೇಳಿದ ಮಾತು ನೆನಪಾಗಿ, ಬರೆದವರನ್ನು ಕುರ್ಚಿಯಿಂದ ಎಬ್ಬಿಸಿ ನಡೆಸಿದ್ದೂ ಆಗಿಹೋಯಿತಲ್ಲ ಎನಿಸಿ, ಅವರಿಗೂ ನಗು ಉಕ್ಕಿ ಬಂತು. ಅವರು ನಕ್ಕದ್ದನ್ನು ಲ್ಯಾಬಿನವರು ಅದೇ ಮೊದಲು ಕಂಡದ್ದು.

“ನಿಮ್ಮ ಮಂಡಿ ಸರಿಹೋಗಿ ಎಷ್ಟು ದಿನ ಆಯ್ತು?” ಎಂದು ನಗು ನಿಂತ ಮೇಲೆ ಕೇಳಿದರು.

“ಹನ್ನೊಂದು ವರ್ಷ ಮೇಡಂ.”

“ಲಿಫ್ಟು?”

“ಹೊಸದು ಬಂದು ಒಂಬತ್ತು.”

“ಮತ್ತೆ ಬಂದು ಹೇಳೋಕೆ ಏನಾಗಿತ್ತು?”

ಎಕ್ಸ್‌ಪ್ರೆಸ್ಸಣ್ಣ ಕಾಗದವನ್ನು ಮಡಿಸಿ ಮೇಡಮ್ಮನ ಕೈಗೆ ಕೊಡುತ್ತ ಹೇಳಿದರು: “ಆ ವರ್ಷ ಕಾಲು ಕುಂಟ್ತಾ ಇತ್ತು ಮೇಡಂ. ಇವನ ಕೈಲಾಗಲ್ಲ, ಬಿಡಿಸಿ ಅಂತ ಮೇಲಿನವರು ಅಂದಿದ್ದರಂತೆ. ನೀವು ಈ ಕಾಗದ ಬರೆದಿರಿ, ಕೆಲಸ ಉಳೀತು. ಒಳ್ಳೆ ಮನಸ್ಸಿಂದ ಕೊಟ್ಟಿದ್ದನ್ನ ಬೇಡ ಅಂತ ಹೇಗೆ ಹೇಳೋದು? ಆರ್ಡರ್ ಅಂದಮೇಲೆ ನೀವೇ ಯಾವತ್ತಾದರೂ ಬದಲಾಯಿಸ್ತೀರಿ ಅಂತ ಕಾದೆ. ಕೂತು ಕೂತು ನನಗೂ ಬೇಜಾರೇ.”

ಮೇಡಂಗೆ ತಮ್ಮ ಶಿಫಾರಸು ನೆನಪಾಯಿತು. ತಮ್ಮ ಮೇಜಿನ ಡ್ರಾಯರಿನಲ್ಲಿ ಇದೇ ಮನುಷ್ಯನ ಕೆಲಸ ಕಳೆಯುವ ಕಾಗದ, ‘ಸಿಬ್ಬಂದಿಯ ನಿಧಾನಗತಿ’ ಎಂಬ ಕಾರಣ ಹೊತ್ತು, ಸಹಿಗೆ ಕಾಯುತ್ತಿತ್ತು. ಆ ನಿಧಾನವನ್ನು ಅವರಿಗೆ ಹನ್ನೆರಡು ವರ್ಷದ ಹಿಂದೆ ಕೊಟ್ಟವರು ತಾವೇ. ಕೋಣೆಗೆ ಹಿಂತಿರುಗಿ ಆ ಶಿಫಾರಸನ್ನು ಇನ್ನೊಮ್ಮೆ ಓದಿದಾಗ ಅವರಿಗೆ ನಾಚಿಕೆಯಿಂದ ಕಿವಿ ಬಿಸಿಯಾಯಿತು. ಹರಿದು ಬುಟ್ಟಿಗೆ ಹಾಕಿಬಿಡಬಹುದಿತ್ತು, ಅದರೊಳಗೆ ಏನಿತ್ತೆಂದು ಯಾರಿಗೂ ತಿಳಿಯುತ್ತಿರಲಿಲ್ಲ. ಹರಿಯಲಿಲ್ಲ, ಶನಿವಾರಕ್ಕೆಂದು ಚೀಲದಲ್ಲಿಟ್ಟುಕೊಂಡರು.

ಗುರುವಾರ ಬೆಳಿಗ್ಗೆ ಎಂಟಕ್ಕೆ ಮೇಡಂ ರಕ್ತ ತೆಗೆಯುವ ಕೋಣೆಯ ಬಾಗಿಲಲ್ಲಿದ್ದರು. ಸುತ್ತೋಲೆ ಬರೆಯಲು ಕೈ ತುರಿಸುತ್ತಿತ್ತು, ತಡೆದುಕೊಂಡರು. ಬಾಯಲ್ಲೇ ಹೇಳಿದರು: “ಹತ್ತು ಟ್ಯೂಬ್ ಆದ ತಕ್ಷಣ ಹೊರಡಿ. ಲಿಫ್ಟಲ್ಲಿ ಹೋಗಿ. ಬರುವಾಗ ತಯಾರಿರೋ ರಿಪೋರ್ಟು ತನ್ನಿ. ಎರಡು ದಿನ ನೋಡೋಣ, ಸರಿಹೋಗದಿದ್ದರೆ ಬೇರೆ ಮಾಡೋಣ.”

“ಐದಾದರೆ ಹೊರಡಬಾರದಾ ಮೇಡಂ?” ಎಂದಳು ಚೀಟಿ ಅಂಟಿಸುವವಳು. ಮೇಡಂ ‘ಆರ್ಡರ್ ಅಂದರೆ ಆರ್ಡರ್’ ಎನ್ನಲು ಹೊರಟವರು ನಾಲಿಗೆ ಕಚ್ಚಿಕೊಂಡು, “ಶುಕ್ರವಾರ ಐದಕ್ಕೆ ಮಾಡಿ ನೋಡೋಣ” ಎಂದರು. ಮಾಡಿ ನೋಡಿದರು. ಐದಕ್ಕೆ ಓಡಾಟ ಹೆಚ್ಚಾಯಿತು, ಹತ್ತೇ ಸರಿ ಎಂದು ಅವಳೇ ಒಪ್ಪಿದಳು.

ಮೊದಲ ದಿನ ಎಲ್ಲವೂ ಸಲೀಸಾಗಿ ನಡೆಯಿತೆಂದು ಯಾರೂ ತಿಳಿಯಬಾರದು. ಒಂಬತ್ತು ವರ್ಷ ಪಕ್ಕದಲ್ಲೇ ಇದ್ದರೂ ಎಕ್ಸ್‌ಪ್ರೆಸ್ಸಣ್ಣ ಆ ಲಿಫ್ಟನ್ನು ಒಮ್ಮೆಯೂ ಹತ್ತಿರಲಿಲ್ಲ. ಯಾವುದೋ ಗುಂಡಿ ಒತ್ತಿ, ಹತ್ತು ಟ್ಯೂಬು ರಕ್ತದೊಂದಿಗೆ ನೇರ ಹೆರಿಗೆ ವಾರ್ಡಿನಲ್ಲಿ ಇಳಿದರು. ಅಲ್ಲಿ ಆಗ ತಾನೇ ಅಜ್ಜನಾದವರೊಬ್ಬರು ಅವರ ಕೈಕುಲುಕಿ ಬಾಯಿಗೆ ಸಿಹಿ ತುರುಕಿದರು. ಎರಡನೇ ಸಲ ಸರಿಯಾದ ಮಹಡಿಯಲ್ಲೇ ಇಳಿದರು. ನಾಲ್ಕನೇ ಸಲದ ಹೊತ್ತಿಗೆ ಅವರ ನಡಿಗೆ ಕಂಡು ದಾರಿಯಲ್ಲಿದ್ದವರು ಪಕ್ಕಕ್ಕೆ ಸರಿದು ನಿಂತರು. ಹನ್ನೆರಡು ವರ್ಷ ಗೇಲಿಗೆ ಇಟ್ಟ ಹೆಸರನ್ನು ಆ ಮನುಷ್ಯ ಒಂದೇ ಬೆಳಿಗ್ಗೆಯಲ್ಲಿ ನಿಜ ಮಾಡಿಬಿಟ್ಟರು.

ಒಂಬತ್ತೂ ಕಾಲಿಗೆ ಮೊದಲ ರಿಪೋರ್ಟುಗಳು ಕೆಳಗೆ ಬಂದವು. ಹನ್ನೆರಡೂವರೆವರೆಗೆ ಹಾಯಾಗಿ ಕಾಫಿ ಕುಡಿಯುತ್ತಿದ್ದ ಡಾಕ್ಟರುಗಳು ಲೋಟ ಅಲ್ಲೇ ಬಿಟ್ಟು ಓಡಿಬಂದರು. ಶುಕ್ರವಾರ ಹನ್ನೆರಡೂವರೆಗೆ ರೋಗಿಗಳು ಕಾಯುವ ಕೊಠಡಿಯಲ್ಲಿ ಉಳಿದವರು ಏಳು ಜನ, ಅದರಲ್ಲೂ ಇಬ್ಬರು ತಮ್ಮ ಮಾತು ಮುಗಿಯದೆ ಕೂತವರು. ಬರಿಗೈಲಿ ಮನೆಗೆ ಹೋದವರು ಒಬ್ಬರೂ ಇಲ್ಲ. ಕ್ಯಾಂಟೀನಿನವರು ಮಾತ್ರ ಮೇಡಮ್ಮನ ಹತ್ತಿರ ಬಂದು, ಜನ ಹೀಗೆ ಬೇಗ ಬೇಗ ಹೋದರೆ ನಮ್ಮ ಗತಿಯೇನು ಎಂದು ಅಲವತ್ತುಕೊಂಡರು.

ಶನಿವಾರ ಸಮಿತಿ ಕೂತಿತು. ಉದ್ದನೆಯ ಮೇಜು, ಏಳು ಜನ, ತುದಿಯಲ್ಲಿ ದೊಡ್ಡ ಡಾಕ್ಟರು. ಮೇಡಂ ಎದ್ದು ನಿಂತು ಎರಡು ಕಾಗದ ಓದಿದರು. ಮೊದಲು ತಮ್ಮ ಶಿಫಾರಸು, ಕಾರಣದ ಸಾಲಿನವರೆಗೂ. ಆಮೇಲೆ ಹಳದಿ ಕಾಗದ, ಸಹಿಯವರೆಗೂ.

“ಹಾಗಾದರೆ ತಪ್ಪು ಯಾರದು?” ಎಂದರು ಸಮಿತಿಯ ಒಬ್ಬರು, ಬಿಟ್ಟುಕೊಡದ ಮನುಷ್ಯ.

“ಬರೆದಾಗ ಅದು ತಪ್ಪಾಗಿರಲಿಲ್ಲ. ಬರೆದು ಮರೆತದ್ದು ತಪ್ಪು. ಮರೆತವಳು ನಾನು” ಎಂದರು ಮೇಡಂ. “ಕೋಣೆ ನಮ್ಮ ಕೈಯಲ್ಲೇ ಇರಲಿ. ನಾಲ್ವರೂ ಇರಲಿ. ಇಷ್ಟೇ ನನ್ನ ಶಿಫಾರಸು. ಇನ್ನೊಂದು ಮಾತು. ನನ್ನ ಕಪಾಟಲ್ಲಿ ‘ಮುಂದಿನ ಆದೇಶದವರೆಗೆ’ ಅಂತ ಬರೆದದ್ದು ಇನ್ನೂರ ಹದಿನಾಲ್ಕು ಇದೆ. ನಿನ್ನೆ ಎಣಿಸಿದೆ. ಸೋಮವಾರದಿಂದ ದಿನಕ್ಕೊಂದು ಹಿಡಿದುಕೊಂಡು ಅದರ ಹಿಂದೆ ನಡೀತೀನಿ.”

ಬಿಟ್ಟುಕೊಡದ ಮನುಷ್ಯ ಕೂಡ ನಕ್ಕರು. ದೊಡ್ಡ ಡಾಕ್ಟರು ಪೆನ್ನು ತೆಗೆದು, ಕೋಣೆ ಬಿಟ್ಟುಕೊಡುವುದಿಲ್ಲವೆಂದು ಅಲ್ಲೇ ಬರೆದರು. ತೀರ್ಮಾನಕ್ಕೆ ನಾಲ್ಕು ನಿಮಿಷ ಹಿಡಿಯಿತು. ಮನೆಯಲ್ಲಿ ಅತ್ತೆ ಸುದ್ದಿ ಕೇಳಿ, “ಇನ್ನೂರ ಹದಿನಾಲ್ಕು ದಿನ ನಡೆದರೆ ನೀನೂ ತೆಳ್ಳಗಾಗ್ತೀಯ ಬಿಡು” ಎಂದು ಸೊಸೆಯ ತಟ್ಟೆಗೆ ಇನ್ನೊಂದು ಚಮಚ ತುಪ್ಪ ಬಡಿಸಿದರು.

ಸೋಮವಾರ ಬೆಳಿಗ್ಗೆ ಎಕ್ಸ್‌ಪ್ರೆಸ್ಸಣ್ಣ ಮೇಡಮ್ಮನ ಕೋಣೆಯ ಬಾಗಿಲಲ್ಲಿ ಹಿಂದೆ ಮುಂದೆ ನೋಡುತ್ತ ನಿಂತರು.

“ಆ ಕಾಗದ ನಿಮ್ಮ ಹತ್ತಿರಾನೇ ಉಳೀತು ಮೇಡಂ. ಕೆಲಸಕ್ಕೆ ಬೇಡ, ಗೊತ್ತು. ನನಗೆ ಬೇಕಿತ್ತು.”

ಮೇಡಂ ಡ್ರಾಯರಿನಿಂದ ತೆಗೆದುಕೊಟ್ಟರು. ಹಳೆಯ ಸಹಿಯ ಕೆಳಗೆ ಹೊಸ ಶಾಯಿಯಲ್ಲಿ ಮೂರು ಸಾಲಿತ್ತು. ಎಕ್ಸ್‌ಪ್ರೆಸ್ಸಣ್ಣ ಕಾಗದವನ್ನು ದೂರ ಹಿಡಿದು, ಒಂದೊಂದೇ ಪದ ಬಿಡಿಸಿ ಓದಿದರು: “ಮುಂದಿನ ಆದೇಶ. ತಮ್ಮ ಮಂಡಿ ವಾಸಿಯಾಗಿದೆ, ಲಿಫ್ಟ್ ಹತ್ತುವುದು. ಈ ಆದೇಶ ಹನ್ನೊಂದು ವರ್ಷ ತಡವಾಗಿ ಬಂದದ್ದಕ್ಕೆ ನನ್ನನ್ನು ಕ್ಷಮಿಸುವುದು.”

ಎರಡನೇ ಸಲ ಓದಿದರು, ಬಾಯಿ ಬಿಡದೆ. ಕಣ್ಣು ತುಂಬಿತ್ತು. ಮೇಡಂ, ಕೂತುಕೊಳ್ಳಿ, ನೀರು ತರಿಸ್ತೀನಿ ಎಂದು ಕುರ್ಚಿ ಎಳೆದರು.

“ಕೂತಿದ್ದು ಸಾಕು ಮೇಡಂ” ಎಂದರು ಎಕ್ಸ್‌ಪ್ರೆಸ್ಸಣ್ಣ. ಕಾಗದವನ್ನು ಹಳೆಯ ಮಡಿಕೆಗಳಲ್ಲೇ ಮಡಿಸಿ, ಈ ಸಲ ಟ್ರೇಯ ಅಡಿಗಲ್ಲ, ಅಂಗಿಯ ಜೇಬಿಗೆ ಹಾಕಿಕೊಂಡರು. “ಕೆಳಗೆ ಹತ್ತು ಟ್ಯೂಬ್ ಆಗಿರುತ್ತೆ.”